‘ನಾನು’ ಅಂದರೆ ನಾನಲ್ಲ: ಅಗಸ್ಟಾ ವೆಬ್‌ಸ್ಟರ್ ಓದಿದವರು ಇದ್ದೀರಾ?

ಹಳೇಬೇರು:
ಎಲ್ಲರಿಗೂ ನಮಸ್ಕಾರ. ಒಂದು ಅನುವಾದ ಹಿಡಿದು ಕೂತಿದ್ದೇನೆ, ಏಳು ಸಾಲಿಗೇ ಸಿಕ್ಕಿಕೊಂಡಿದ್ದೇನೆ. ಅದಕ್ಕೇ ಇಲ್ಲಿಗೆ ಬಂದೆ.

ಕವಿಯ ಹೆಸರು ಅಗಸ್ಟಾ ವೆಬ್‌ಸ್ಟರ್. ಹುಟ್ಟಿದ್ದು 1837ರಲ್ಲಿ, ಇಂಗ್ಲೆಂಡಿನ ಪೂಲ್ ಎಂಬ ಬಂದರು ಊರಲ್ಲಿ. ತೀರಿಕೊಂಡದ್ದು 1894ರಲ್ಲಿ. ಬದುಕಿದ್ದಾಗ ಒಳ್ಳೆ ಹೆಸರಿತ್ತು, ಆಮೇಲೆ ಸುಮಾರು ನೂರು ವರ್ಷ ಯಾರೂ ಕೇಳಲಿಲ್ಲ. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್, ಕ್ರಿಸ್ಟಿನಾ ರೊಸೆಟ್ಟಿ, ಇವರಿಬ್ಬರನ್ನು ಓದಿಸಿ ನಮ್ಮ ಮೇಷ್ಟ್ರುಗಳು ವಿಕ್ಟೋರಿಯಾ ಕಾಲದ ಹೆಣ್ಣು ಕವಿಗಳ ಅಧ್ಯಾಯ ಮುಚ್ಚಿಬಿಡುತ್ತಿದ್ದರು. ಈಕೆಯ ಹೆಸರನ್ನು ನಾನು ಕಾಲೇಜಿನಲ್ಲಿ ಒಂದು ಸಲವೂ ಕೇಳಿರಲಿಲ್ಲ.

ನಾನು ಹಿಡಿದಿರುವ ಕವಿತೆ ‘ಎ ಕ್ಯಾಸ್ಟವೇ’. 1870ರ ‘ಪೋರ್ಟ್ರೇಟ್ಸ್’ ಸಂಕಲನದಲ್ಲಿದೆ. ಆರುನೂರು ಸಾಲಿನ ಆಸುಪಾಸು, ಪ್ರಾಸವಿಲ್ಲದ ಛಂದಸ್ಸು. ಮಾತಾಡುವವಳ ಹೆಸರು ಯೂಲಲಿ. ದುಡ್ಡಿರುವ ಗಂಡಸರಿಗೆ ಮೈ ಮಾರಿಕೊಂಡು ಬದುಕುವವಳು. ಮನೆಯಲ್ಲಿ ಮಕಮಲ್ಲು ಇದೆ, ಕೆತ್ತನೆಯ ಮರದ ಸಾಮಾನಿದೆ. ಒಂದು ಸಂಜೆ ಒಬ್ಬಳೇ ಕೂತು ತಾನು ಹುಡುಗಿಯಾಗಿದ್ದಾಗ ಬರೆದ ಡೈರಿ ತೆಗೆಯುತ್ತಾಳೆ. ಕವಿತೆ ಅಲ್ಲಿಂದ ಶುರು. ನನ್ನ ಮೊದಲ ಪ್ರಯತ್ನ ಹೀಗಿದೆ, ಬೈಯಬೇಡಿ:

ಪಾಪದ ಪುಟ್ಟ ಡೈರಿ, ಎಷ್ಟು ಸಾದಾ ಯೋಚನೆ,
ಎಷ್ಟು ಒಳ್ಳೆ ನಿಶ್ಚಯ. ‘ನಾನು ಒಂದು ಗಂಟೆ ಫ್ರೆಂಚ್ ಓದಿದೆ’,
‘ಚರಿತ್ರೆ ಓದಿದೆ’, ‘ನನ್ನ ಬೂದು ಟೋಪಿ ಸಿಂಗರಿಸಿದೆ’,
‘ಕಾಲುಚೀಲಕ್ಕೆ ತೇಪೆ ಹಾಕಿದೆ’, ‘ಲೇಸು ಹೆಣೆದೆ’, ‘ಹೊಸ ಹಾಡು ಕಲಿತೆ’,
‘ಚರ್ಚಿಗೆ ಹೋದೆ’, ‘ಬೆಸ್‌ಗೆ ಸೂಪು ಕೊಟ್ಟು ಬಂದೆ’,
‘ಚಹಾಕ್ಕೆ ಹೋಗಿದ್ದೆ’. ಪಾಪ, ಮುಗ್ಧ ಡೈರಿ!
ಇದನ್ನು ಬರೆದವಳು ನಾನೇನಾ? ಇಷ್ಟು ಒಳ್ಳೆಯ ಹುಡುಗಿ ನಾನೇನಾ?

ಏನೋ ಸರಿ ಬಂದಿಲ್ಲ. ಏನು ಅಂತ ಗೊತ್ತಾಗುತ್ತಿಲ್ಲ. ಶೀರ್ಷಿಕೆಗೂ ಕನ್ನಡದ ಮಾತು ಸಿಕ್ಕಿಲ್ಲ.

ಮಳೆಗಾಲದ ಕೊಡೆ:
ಶೀರ್ಷಿಕೆಗೆ ‘ಪತಿತೆ’ ಅಂತ ಹಾಕಿ, ಮುಗೀತು.

ಹಳೇಬೇರು:
ಆ ಪದ ಹಾಕಿದರೆ ಕವಿತೆ ಓದುವ ಮುಂಚೆಯೇ ತೀರ್ಪು ಕೊಟ್ಟ ಹಾಗಾಗುತ್ತೆ. ಯೂಲಲಿ ತನ್ನನ್ನು ಹಾಗೆ ಕರೆಯಲು ಒಪ್ಪುವವಳೇ ಅಲ್ಲ. ಕನ್ನಡಿ ನೋಡಿಕೊಂಡು ‘ನಾನೊಬ್ಬಳು ಹೆಂಗಸು, ಪಿಶಾಚಿ ಅಲ್ಲ’ ಅನ್ನುವವಳು.

ಉಪ್ಪಿನಕಾಯಿ ಭರಣಿ:
ಇಂಗ್ಲಿಷಿನ ‘ಕ್ಯಾಸ್ಟವೇ’ ಅನ್ನುವ ಪದಕ್ಕೆ ಹಡಗಿನ ವಾಸನೆ ಇದೆ ಅಲ್ವಾ? ಹಡಗು ಒಡೆದು ದಡಕ್ಕೆ ಬಂದು ಬಿದ್ದವರನ್ನು ಹಾಗೆ ಕರೆಯುತ್ತಾರೆ. ಬಿಸಾಡಿದ ವಸ್ತು ಅನ್ನುವ ಅರ್ಥವೂ ಇದೆ. ‘ದಡಕ್ಕೆ ಬಿದ್ದವಳು’ ಅಂದರೆ?

ಹಳೇಬೇರು:
ಇದು ಚೆನ್ನಾಗಿದೆ. ಇನ್ನೊಂದು ತಮಾಷೆ ಕೇಳಿ. ಈಕೆಯ ಅಪ್ಪ ಜಾರ್ಜ್ ಡೇವಿಸ್ ನೌಕಾಪಡೆಯ ಅಧಿಕಾರಿ. ಈಕೆ ಚಿಕ್ಕವಳಿದ್ದಾಗ ಕುಟುಂಬ ಕೆಲಕಾಲ ‘ಗ್ರೈಪರ್’ ಎಂಬ ಹಡಗಿನಲ್ಲೇ ವಾಸ ಮಾಡಿತ್ತು. ಆಮೇಲೆ ಸ್ಕಾಟ್ಲೆಂಡಿನ ಬ್ಯಾನ್ಫ್, ಆಮೇಲೆ ಪೆನ್ಜಾನ್ಸ್. 1851ರಲ್ಲಿ ಅಪ್ಪನಿಗೆ ಕೇಂಬ್ರಿಜ್‌ಶೈರ್ ಪೊಲೀಸರ ಮುಖ್ಯಸ್ಥನ ಕೆಲಸ ಸಿಕ್ಕಿ ಕೇಂಬ್ರಿಜ್ ಸೇರಿದರು. ಹಡಗಿನ ಮೇಲೆ ಬೆಳೆದ ಮಗು ದೊಡ್ಡವಳಾಗಿ ಇಂಥ ಹೆಸರಿಟ್ಟಿದ್ದಾಳೆ.

ಮಳೆಗಾಲದ ಕೊಡೆ:
ಸರಿ, ‘ಪತಿತೆ’ ವಾಪಸ್ ತಗೊಂಡೆ. ಈ ಹೆಂಗಸಿನ ಬಗ್ಗೆ ಇನ್ನಷ್ಟು ಹೇಳಿ. ಬದುಕು ಹೇಗಿತ್ತು? ಯೂಲಲಿ ಥರದವರನ್ನು ಹತ್ತಿರದಿಂದ ಕಂಡಿದ್ದಳಾ? ಪ್ರೇಮಭಂಗ, ಗುಟ್ಟು, ಏನಾದರೂ?

ಹಳೇಬೇರು:
ನೋಡಿ, ಎಲ್ಲರೂ ಮೊದಲು ಕೇಳೋದು ಇದನ್ನೇ. ನನ್ನ ಇಡೀ ತಕರಾರು ಇಲ್ಲೇ ಇದೆ. ಅಗಸ್ಟಾ ವೆಬ್‌ಸ್ಟರ್ ಬದುಕಿನಲ್ಲಿ ಸಿನಿಮಾ ಇಲ್ಲ. 1863ರಲ್ಲಿ ಟ್ರಿನಿಟಿ ಕಾಲೇಜಿನಲ್ಲಿ ಕಾನೂನು ಹೇಳಿಕೊಡುತ್ತಿದ್ದ ಥಾಮಸ್ ವೆಬ್‌ಸ್ಟರ್ ಜೊತೆ ಮದುವೆ. ಒಬ್ಬಳೇ ಮಗಳು, ಮಾರ್ಗರೆಟ್. ಆಮೇಲೆ ಲಂಡನ್. ಮನೆ, ಬರವಣಿಗೆ, ಕಮಿಟಿ ಮೀಟಿಂಗು. ಕ್ಷಯರೋಗ ಇಲ್ಲ, ಓಡಿಹೋದದ್ದಿಲ್ಲ, ಮಹಡಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡದ್ದಿಲ್ಲ. ಆರ್ಟ್ ಸ್ಕೂಲಿನಲ್ಲಿ ಸಿಳ್ಳೆ ಹೊಡೆದಿದ್ದಕ್ಕೆ ಹೊರಗೆ ಹಾಕಿದರು ಅಂತ ಒಂದು ಕತೆ ಓಡಾಡುತ್ತೆ, ರಂಗು ಅಂದರೆ ಅಷ್ಟೇ.

ಇಂಥವರ ಕವಿತೆಯನ್ನು ಕವಿತೆಯಾಗಿಯೇ ಓದಬೇಕಾಗುತ್ತೆ. ಜನಕ್ಕೆ ಅದು ಕಷ್ಟ. ಈಕೆ ಮರೆತುಹೋದದ್ದಕ್ಕೆ ಮುಖ್ಯ ಕಾರಣ ಇದೇ ಅಂತ ನನ್ನ ಅನಿಸಿಕೆ.

ಮೊಂಡು ಪೆನ್ಸಿಲ್:
ಒಪ್ಪೋದಿಲ್ಲ. ಮರೆತುಹೋದದ್ದಕ್ಕೆ ಬೇರೆ ಕಾರಣವೂ ಇದೆ. ನಾಟಕಗಳು ಓದಿದ್ದೀರಾ? ‘ದಿ ಸೆಂಟೆನ್ಸ್’ 1887ರಲ್ಲಿ ಬಂತು, ರೋಮಿನ ಚಕ್ರವರ್ತಿ ಕಲಿಗುಲನ ಕತೆ. ಕ್ರಿಸ್ಟಿನಾಳ ಅಣ್ಣ ವಿಲಿಯಂ ಮೈಕೆಲ್ ರೊಸೆಟ್ಟಿ ಅದನ್ನು ಹೊಗಳಿ ಹೊಗಳಿ ಯುರೋಪಿನ ಮೇರುಕೃತಿಗಳ ಸಾಲಿಗೇ ಸೇರಿಸಿಬಿಟ್ಟ. ನಾನು ಎರಡು ಸಲ ಶುರು ಮಾಡಿ ಎರಡು ಸಲವೂ ನಿದ್ದೆ ಹೋದೆ. ತಾನು ಬೆಸ್ಟ್ ಅಂದುಕೊಂಡದ್ದು ಕವಿಯ ಬೆಸ್ಟ್ ಆಗಿರಬೇಕಿಲ್ಲ, ಗೆಳೆಯರು ಅಂದುಕೊಂಡದ್ದಂತೂ ಅಲ್ಲವೇ ಅಲ್ಲ.

ಇನ್ನೊಂದು. ಒಬ್ಬ ಪಾತ್ರ ನಿಂತು ತನ್ನ ಕತೆ ಹೇಳಿಕೊಳ್ಳುವ ಈ ಮಾದರಿ ಕವಿತೆ ಅಂದರೆ ರಾಬರ್ಟ್ ಬ್ರೌನಿಂಗ್ ಅಂತ ಆಗಿಹೋಗಿತ್ತು. ಬೇರೆಯವರು ಬರೆದರೆ ನಕಲು ಅನ್ನುತ್ತಿದ್ದರು.

ಹಳೇಬೇರು:
ನಾಟಕದ ವಿಷಯ ಒಪ್ಪಿದೆ, ಜಗಳ ಇಲ್ಲ. ಬ್ರೌನಿಂಗ್ ವಿಷಯದಲ್ಲಿ ಅರ್ಧ ಒಪ್ಪಿದೆ. ಬ್ರೌನಿಂಗನ ಪಾತ್ರ ಬಾಯಿ ಬಿಟ್ಟರೆ ನಾವು ಪತ್ತೇದಾರರಾಗುತ್ತೇವೆ. ಇವನು ಎಲ್ಲಿ ಸುಳ್ಳು ಹೇಳುತ್ತಿದ್ದಾನೆ, ಎಲ್ಲಿ ತನಗೇ ಗೊತ್ತಿಲ್ಲದೆ ಸಿಕ್ಕಿಬೀಳುತ್ತಾನೆ ಅಂತ ಹುಡುಕುತ್ತೇವೆ. ಯೂಲಲಿ ಹಾಗಲ್ಲ. ಅವಳೇ ನಮ್ಮನ್ನು ಹಿಡಿಯುತ್ತಾಳೆ. ನನ್ನ ಕಸುಬಿಗೆ ನಾಚಿಕೆ ಪಡಬೇಕಾ? ಸರಿ, ನಿಮ್ಮ ಕಸುಬು ನೋಡೋಣ ಅಂತ ಒಬ್ಬೊಬ್ಬರನ್ನೇ ಸಾಲಾಗಿ ನಿಲ್ಲಿಸುತ್ತಾಳೆ. ಫೀಸು ಯಾವ ಕಡೆ ಬರುತ್ತೋ ಆ ಕಡೆ ಸುಳ್ಳು ಹೇಳಿ ಒಬ್ಬನನ್ನು ನೇಣಿಗೆ ಹಾಕಿಸುವ, ಇಲ್ಲಾ ಉಳಿಸುವ ವಕೀಲ. ತನಗೇ ನಂಬಿಕೆ ಇಲ್ಲದ್ದನ್ನು ನೀನು ನಂಬಲಿಲ್ಲ ಅಂತ ನರಕ ತೋರಿಸುವ ಪಾದ್ರಿ. ಯಾವುದೋ ವಿಷ ಆರಿಸಿ ಕೊಟ್ಟು ಏನಾಗುತ್ತೋ ನೋಡೋಣ ಅನ್ನುವ ವೈದ್ಯ. ನಿಜ ಸುಳ್ಳು ಎರಡನ್ನೂ ಚೆಂಡಾಡುವ ಪತ್ರಕರ್ತ. ಕಳ್ಳತನದ ಹಾಗೆ ಕಾಣದಷ್ಟು ಮಾತ್ರ ಮೋಸ ಮಾಡುವ ವ್ಯಾಪಾರಿ. ಇವರ ಗುಟ್ಟನ್ನೆಲ್ಲ ನನ್ನದರ ಹಾಗೆ ಬಯಲಿಗೆ ಇಟ್ಟರೆ ಯಾರ ಬಟ್ಟೆ ಹೆಚ್ಚು ಬೆಳ್ಳಗೆ ಕಾಣುತ್ತೆ ಅಂತ ಕೇಳುತ್ತಾಳೆ. 1870ರಲ್ಲಿ, ಗೌರವಸ್ಥ ಮನೆಯ ಹೆಂಗಸೊಬ್ಬಳು ತನ್ನ ಸ್ವಂತ ಹೆಸರಿನಲ್ಲಿ ಅಚ್ಚು ಹಾಕಿಸಿದ ಪುಸ್ತಕ ಇದು! ಶುರುವಿನ ಪುಸ್ತಕಗಳಿಗೆ ಸೆಸಿಲ್ ಹೋಮ್ ಅಂತ ಗುಪ್ತನಾಮ ಇಟ್ಟುಕೊಂಡಿದ್ದಳು. ಇದಕ್ಕೆ ಇಟ್ಟುಕೊಳ್ಳಲಿಲ್ಲ.

ಗಡಿಯಾರ ರಿಪೇರಿ:
ಆ ಕಾಲದ ಹಿನ್ನೆಲೆ ಸ್ವಲ್ಪ ಸೇರಿಸುತ್ತೇನೆ. 1864, 1866, 1869ರಲ್ಲಿ ಇಂಗ್ಲೆಂಡಿನಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಂತ ಬಂದವು. ಸೈನಿಕರಿಗೆ ಗುಹ್ಯರೋಗ ಬರಬಾರದು ಅಂತ, ಕಂಟೋನ್ಮೆಂಟ್ ಊರುಗಳಲ್ಲಿ ಅನುಮಾನ ಬಂದ ಹೆಂಗಸರನ್ನು ಪೊಲೀಸರು ಹಿಡಿದು ಬಲವಂತವಾಗಿ ಪರೀಕ್ಷೆ ಮಾಡಿಸಬಹುದಿತ್ತು. ಸೈನಿಕರಿಗೆ ಪರೀಕ್ಷೆ ಇಲ್ಲ. 1869ರಿಂದ ಜೋಸೆಫೀನ್ ಬಟ್ಲರ್ ಮುಂದೆ ನಿಂತು ಹೋರಾಡಿದರು, ರದ್ದಾಗಲು 1886 ಬೇಕಾಯಿತು. ‘ಎ ಕ್ಯಾಸ್ಟವೇ’ ಬಂದದ್ದು ಈ ಗಲಾಟೆ ಕಾವೇರಿದ್ದ ಹೊತ್ತಿಗೇ.

ಇದು ನಮಗೆ ದೂರದ ಕತೆಯೂ ಅಲ್ಲ. 1868ರಲ್ಲಿ ಭಾರತಕ್ಕೂ ಅದೇ ಥರದ ಕಾಯ್ದೆ ತಂದರು. ಬೆಂಗಳೂರು ದಂಡಿನಲ್ಲಿ, ಬಳ್ಳಾರಿಯಲ್ಲಿ ಗುಹ್ಯರೋಗದ ಹೆಂಗಸರನ್ನು ಇಡುವ ‘ಲಾಕ್ ಆಸ್ಪತ್ರೆ’ಗಳಿದ್ದವು. ಅಲ್ಲಿದ್ದ ಹೆಂಗಸರ ಡೈರಿ ಯಾವುದೂ ಇಲ್ಲ, ಇರುವುದು ಸರ್ಕಾರದ ವರದಿ ಮಾತ್ರ.

ಮಳೆಗಾಲದ ಕೊಡೆ:
ಯೂಲಲಿ ಈ ಕಸುಬಿಗೆ ಬಂದದ್ದು ಹೇಗೆ? ಯಾರೋ ಮೋಸ ಮಾಡಿದ್ದಾ?

ಹಳೇಬೇರು:
ಒಬ್ಬ ಖಳನಾಯಕ ಅಂತ ಇಲ್ಲ, ಅದೇ ಅದರ ಗಟ್ಟಿತನ. ಮನೆಯಲ್ಲಿದ್ದ ದುಡ್ಡು ತಮ್ಮನ ಓದಿಗೆ ಹೋಯಿತು. ಅವನು ಗಂಡು ಹುಡುಗ, ಅದು ಸಹಜ ಅಂತ ಎಲ್ಲರೂ ಅಂದುಕೊಂಡರು. ಇವಳು ಕಲಿತದ್ದು ಅಲ್ಪಸ್ವಲ್ಪ ಫ್ರೆಂಚು, ಹಾಡು, ಟೋಪಿಗೆ ರಿಬ್ಬನ್ನು ಕಟ್ಟೋದು. ಮನೆಪಾಠದ ಟೀಚರ್ ಕೆಲಸಕ್ಕೆ ಹೋದರೆ ಅಲ್ಲಿ ಹೇಳಿಕೊಡುವಷ್ಟು ವಿದ್ಯೆ ಇಲ್ಲ. ಈಗ ಡೈರಿಯ ಸಾಲು ಮತ್ತೆ ಓದಿ. ‘ಒಂದು ಗಂಟೆ ಫ್ರೆಂಚ್’ ಅಂತ ಸುಮ್ನೆ ಹಾಕಿದ್ದಲ್ಲ. ಆ ಪಟ್ಟಿಯಲ್ಲೇ ಅವಳ ಮುಂದಿನ ಗತಿ ಇದೆ. ಅದರಲ್ಲಿ ಒಂದು ಕೆಲಸವೂ ನಾಲ್ಕು ಕಾಸು ತರುವಂಥದ್ದಲ್ಲ.

ನಡುವೆ ‘ತಿದ್ದುವ’ ಆಶ್ರಮಕ್ಕೂ ಒಂದು ಸಲ ಹೋಗಿ, ತಡೆಯಲಾರದೆ ಬಿಟ್ಟು ಬಂದಿರುತ್ತಾಳೆ. ಪಶ್ಚಾತ್ತಾಪ ಪಟ್ಟು ಸಾಯುವ ‘ಬಿದ್ದ ಹೆಣ್ಣು’ ಆಗ ಕಾದಂಬರಿಗಳಲ್ಲಿ, ಚಿತ್ರಗಳಲ್ಲಿ ಬೇಕಾದಷ್ಟು ಇದ್ದಳು. ಯೂಲಲಿ ಸಾಯೋದಿಲ್ಲ. ಬೇಜಾರು ಪಟ್ಟುಕೊಂಡು ಬದುಕಿರುತ್ತಾಳೆ.

ಎರಡನೇ ಹಾಲು:
ಹಾಗಿದ್ದರೆ ಕವಿ ಗ್ರೀಕ್ ಕಲಿತದ್ದು? ಎಲ್ಲೋ ಓದಿದ ನೆನಪು.

ಹಳೇಬೇರು:
ಹೌದು ಹೌದು, ಹೇಳೋದು ಮರೆತೆ. ತಮ್ಮನ ಪಾಠಕ್ಕೆ ಸಹಾಯ ಮಾಡಲು ಅಂತ ಗ್ರೀಕ್ ಕಲಿತಳು. ಕಲಿತು, 1866ರಲ್ಲಿ ಈಸ್ಕಿಲಸನ ‘ಪ್ರೊಮಿಥಿಯಸ್ ಬೌಂಡ್’, 1868ರಲ್ಲಿ ಯೂರಿಪಿಡೀಸನ ‘ಮೆಡಿಯಾ’ ಅನುವಾದ ಮಾಡಿದಳು. ಮೊದಲನೆಯದಕ್ಕೆ ಸಂಪಾದಕ ಅಂತ ಗಂಡನ ಹೆಸರು ಇದೆ. ನನಗೆ ಅದನ್ನು ನೋಡಿದಾಗ ಸ್ವಲ್ಪ ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಮೊಂಡು ಪೆನ್ಸಿಲ್:
ಅಂದರೆ ಯೂಲಲಿಯ ತಮ್ಮ, ಕವಿಯ ತಮ್ಮ. ಕವಿತೆಯ ‘ನಾನು’ ಕವಿಯೇ ಅಂತ ನೀವೇ ಒಪ್ಪಿಕೊಂಡಂತಾಯಿತಲ್ಲ! ಸಿಕ್ಕಿಬಿದ್ದಿರಿ.

ಹಳೇಬೇರು:
ಹಹ್ಹಾ. ಅದಕ್ಕೆ ಉತ್ತರ ಕವಿಯೇ ಕೊಟ್ಟಿದ್ದಾಳೆ. ‘ಎಕ್ಸಾಮಿನರ್’ ಪತ್ರಿಕೆಗೆ ಬರೆಯುತ್ತಿದ್ದ ಲೇಖನಗಳನ್ನು 1879ರಲ್ಲಿ ‘ಎ ಹೌಸ್‌ವೈಫ್ಸ್ ಒಪಿನಿಯನ್ಸ್’ ಅಂತ ಪುಸ್ತಕ ಮಾಡಿದಳು. ಅಡುಗೆಮನೆ ಖರ್ಚು, ಗಂಡು ಹುಡುಕುವ ಕಾಟ, ಹೆಂಗಸರಿಗೆ ಮತದ ಹಕ್ಕು, ವಿಶ್ವವಿದ್ಯಾಲಯದ ಪದವಿ, ಎಲ್ಲ ಒಂದೇ ಚೀಲದಲ್ಲಿ. ಅದರಲ್ಲಿ ಕವಿಗಳೂ ಸರ್ವನಾಮಗಳೂ ಅಂತ ಒಂದು ಲೇಖನ ಇದೆ. ಕವಿತೆಯಲ್ಲಿ ‘ನಾನು’ ಅಂದರೆ ಸಾಮಾನ್ಯವಾಗಿ ನಾನಲ್ಲ ಅನ್ನುತ್ತಾಳೆ. ಓದುಗರು ಅದನ್ನೇ ಕವಿಯ ಆತ್ಮಕತೆ ಅಂದುಕೊಂಡು ಕವಿಯ ಬಗ್ಗೆ ಏನೇನೋ ಕಲ್ಪಿಸಿಕೊಳ್ಳುವುದನ್ನು ಗೇಲಿ ಮಾಡುತ್ತಾಳೆ.

ತಮ್ಮಂದಿರ ಓದಿಗಾಗಿ ಅಕ್ಕಂದಿರು ಬಿಟ್ಟುಕೊಟ್ಟದ್ದು ಆ ದೇಶದಲ್ಲಿ ಮನೆಮನೆಯ ಕತೆ. ಯೂಲಲಿಗೆ ಸಿಗದ ಗ್ರೀಕು ಈಕೆಗೆ ಹಿಂಬಾಗಿಲಿಂದ ಸಿಕ್ಕಿತು. ಅದು ಆತ್ಮಕತೆ ಅಲ್ಲ, ಲೆಕ್ಕ.

ಉಪ್ಪಿನಕಾಯಿ ಭರಣಿ:
ಆದರೆ ‘ಮದರ್ ಅಂಡ್ ಡಾಟರ್’ ಸಾನೆಟ್ಟುಗಳು, ಆ ಹದಿನಾಲ್ಕು ಸಾಲಿನ ಪದ್ಯಗಳು? ಅಲ್ಲಿ ‘ನಾನು’ ಈಕೆಯೇ ಅಲ್ವಾ? ಒಬ್ಬಳೇ ಮಗಳಿರುವ ತಾಯಿ ಒಬ್ಬಳೇ ಮಗಳ ಬಗ್ಗೆ ಬರೆದದ್ದು. ತುಂಬಾ ಮಕ್ಕಳಿರುವ ತಾಯಂದಿರಿಗೆ ಹೇಳುವ ಪದ್ಯ ನನಗೆ ಇಷ್ಟ. ಒಬ್ಬೊಬ್ಬರನ್ನೂ ಒಂದೇ ಮಗುವಿನಷ್ಟು ಪ್ರೀತಿಸುತ್ತೇವೆ ಅಂತ ನೀವು ಅಂದುಕೊಂಡಿದ್ದೀರಿ, ರೆಕ್ಕೆಯ ಕೆಳಗೆ ಮರಿಗಳನ್ನು ತುಂಬಿಕೊಂಡಿರುವ ತಾಯಂದಿರೇ ಅಂತ ಶುರುವಾಗುತ್ತೆ. ಒಂದೇ ಮಗು ಇರುವವರಿಗೆ ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಗೊತ್ತಿದ್ದವರಿಗೆ ಇದು ನಾಟುತ್ತೆ. ನನಗೂ ಒಬ್ಬಳೇ ಮಗಳು. ಇಷ್ಟು ಬಿಗಿಯಾದ ಉತ್ತರ ನನಗೆ ಯಾವ ಮದುವೆ ಮನೆಯಲ್ಲೂ ಹೊಳೆದಿಲ್ಲ.

ಗಡಿಯಾರ ರಿಪೇರಿ:
ಆ ಸಾನೆಟ್ಟುಗಳು 27 ಇವೆ. ಪುಸ್ತಕವಾಗಿ ಬಂದದ್ದು 1895ರಲ್ಲಿ, ಕವಿ ತೀರಿಕೊಂಡ ಮೇಲೆ. ಮುನ್ನುಡಿ ಮೇಲೆ ಹೇಳಿದ ಅದೇ ವಿಲಿಯಂ ರೊಸೆಟ್ಟಿಯದು. ಮಗಳ ಬಗ್ಗೆ ಒಂದು ಸಣ್ಣ ವಿಷಯ: ಅಮ್ಮನ ‘ಇನ್ ಎ ಡೇ’ ನಾಟಕ 1890ರಲ್ಲಿ ಲಂಡನ್ನಿನ ಟೆರ‍್ರೀಸ್ ಥಿಯೇಟರಿನಲ್ಲಿ ಆಡಿದಾಗ ನಾಯಕಿಯ ಪಾತ್ರ ಮಾಡಿದ್ದು ಮಗಳೇ. ಅಮ್ಮ ಬರೆದ ‘ನಾನು’ ಮಗಳ ಬಾಯಲ್ಲಿ!

ಎರಡನೇ ಹಾಲು:
ತಾಯ್ತನದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಗಸ್ಟಾ ಮತದ ಹಕ್ಕಿಗಾಗಿ ಕೆಲಸ ಮಾಡುತ್ತಿದ್ದಾಗ ಕ್ರಿಸ್ಟಿನಾ ರೊಸೆಟ್ಟಿಯ ಬೆಂಬಲ ಕೇಳಿದ್ದಳು. ಕ್ರಿಸ್ಟಿನಾ ಒಪ್ಪಲಿಲ್ಲ. ಧರ್ಮದ ದೃಷ್ಟಿಯಿಂದ ಗಂಡಿಗೆ, ಹೆಣ್ಣಿಗೆ ಬೇರೆ ಬೇರೆ ಜಾಗ ಅಂತ ಕಾಗದ ಬರೆದಳು. ತಮಾಷೆ ಅಂದರೆ ಅದೇ ಕಾಗದದಲ್ಲಿ ತನ್ನ ವಾದವನ್ನು ತಾನೇ ದಾಟಿ ಮುಂದೆ ಹೋಗುತ್ತಾಳೆ. ಹೆಣ್ಣಿಗೆ ಮತ ಬೇಕೇ ಅಂತಾದರೆ ಪಾರ್ಲಿಮೆಂಟಿನಲ್ಲೂ ಹೆಂಗಸರು ಇರಬೇಕು ಅನ್ನುತ್ತಾಳೆ. ಪುಟ್ಟ ಹಕ್ಕಿ, ಪುಟ್ಟ ಪ್ರಾಣಿ, ಪುಟ್ಟ ಹೆಂಗಸು, ಯಾರನ್ನಾದರೂ ದೊಡ್ಡ ಶತ್ರುವಿನ ಎದುರು ನಿಲ್ಲಿಸುವ ಶಕ್ತಿ ಇದ್ದರೆ ಅದು ತಾಯಿಪ್ರೀತಿ ಅಂತಾಳೆ. ಮಕ್ಕಳಿಲ್ಲದ ಕ್ರಿಸ್ಟಿನಾ ಇದನ್ನು ಬರೆದದ್ದು ಒಬ್ಬಳೇ ಮಗಳ ತಾಯಿಗೆ. ಇಬ್ಬರೂ ಸತ್ತದ್ದು ಅದೇ 1894ರಲ್ಲಿ.

ಹಳೇಬೇರು:
ಚೆನ್ನಾಗಿ ನೆನಪಿಸಿದಿರಿ. ಮತದ ಹಕ್ಕು ಸಿಗಲಿಲ್ಲ, ಆದರೆ ಕೈಗೆ ಸಿಕ್ಕಿದ್ದನ್ನು ಈಕೆ ಬಿಡಲಿಲ್ಲ. 1870ರ ಶಿಕ್ಷಣ ಕಾಯ್ದೆಯಿಂದ ಸ್ಕೂಲ್ ಬೋರ್ಡುಗಳು ಬಂದವು, ಅಲ್ಲಿ ಹೆಂಗಸರು ಚುನಾವಣೆಗೆ ನಿಲ್ಲಬಹುದಿತ್ತು. 1879ರಲ್ಲಿ ಲಂಡನ್ನಿನ ಚೆಲ್ಸಿ ಭಾಗದಿಂದ ಲಂಡನ್ ಸ್ಕೂಲ್ ಬೋರ್ಡಿಗೆ ಗೆದ್ದಳು, 1885ರಲ್ಲಿ ಮತ್ತೆ ಗೆದ್ದಳು. ಭಾಷಣಕ್ಕಿಂತ ಕೆಲಸ ಜಾಸ್ತಿ ಮಾಡುವ ಸದಸ್ಯೆ ಅಂತ ಹೆಸರಿತ್ತು. ಶಾಲೆ ದೇಶಕ್ಕೆ ಬೇಕು ಅಂತಾದರೆ ಖರ್ಚೂ ದೇಶದ್ದೇ ಆಗಬೇಕು ಅನ್ನುವುದು ಅವಳ ನಿಲುವು. ಯೂಲಲಿಯನ್ನು ಬರೆದ ಕೈಯೇ ಆಮೇಲೆ ಶಾಲೆಯ ಫೈಲು ನೋಡಿತು.

ಸಾನೆಟ್ಟಿನ ವಿಷಯ ಉಪ್ಪಿನಕಾಯಿಯವರು ಕೇಳಿದ್ದು ಸರಿಯಾದ ಪ್ರಶ್ನೆ. ಅಲ್ಲಿ ನಾನು ಸೋತೆ. ಅಲ್ಲಿ ‘ನಾನು’ ಅಂದರೆ ಸ್ವಲ್ಪ ನಾನೇ ಇರಬೇಕು. ಅದನ್ನು ಬದುಕಿರುವ ತನಕ ಪುಸ್ತಕ ಮಾಡಲಿಲ್ಲವಲ್ಲ.

ಮಳೆಗಾಲದ ಕೊಡೆ:
ಓದಲು ಬೇರೆ ಯಾವುದರಿಂದ ಶುರು ಮಾಡಲಿ? ನಾಟಕ ಬೇಡ, ನಿದ್ದೆ ಬೇಡ.

ಮೊಂಡು ಪೆನ್ಸಿಲ್:
‘ಸರ್ಸಿ’. ಅದೇ ‘ಪೋರ್ಟ್ರೇಟ್ಸ್’ನಲ್ಲಿದೆ. ಗಂಡಸರನ್ನು ಹಂದಿ ಮಾಡುವ ಮಾಟಗಾತಿ ದ್ವೀಪದಲ್ಲಿ ಕೂತು ಬೇಜಾರಾಗಿದ್ದಾಳೆ. ಬಿರುಗಾಳಿ ಬರಲಿ, ಏನಾದರೂ ಆಗಲಿ ಅಂತ ಕಾಯುತ್ತಾಳೆ. ತನ್ನ ಬಟ್ಟಲಿಂದ ಕುಡಿದೂ ಮನುಷ್ಯನಾಗಿಯೇ ಉಳಿಯುವ ಒಬ್ಬ ಬೇಕು ಅವಳಿಗೆ. ನಾನೇನು ಮಾಡಿದೆ, ಬಟ್ಟಲು ಅವರು ಏನಾಗಿದ್ದರೋ ಅದನ್ನೇ ತೋರಿಸಿತು ಅನ್ನುತ್ತಾಳೆ. ‘ಮೆಡಿಯಾ ಇನ್ ಅಥೆನ್ಸ್’ ಕೂಡ ಓದಿ. ತನ್ನನ್ನು ಬಿಟ್ಟುಹೋದ ಗಂಡ ಜೇಸನ್ ಸತ್ತ ಅಂತ ಸುದ್ದಿ ಬಂದ ಮೇಲೆ ಮೆಡಿಯಾ ಏನು ಅಂದುಕೊಂಡಳು ಅನ್ನೋದು. ನಾನು ನಾಟಕಗಳನ್ನು ಬೈದದ್ದು ನಿಜ, ಇವನ್ನು ಬೈಯಲಾರೆ.

ಗಡಿಯಾರ ರಿಪೇರಿ:
ಕ್ರಿಸ್ಟೀನ್ ಸಟ್‌ಫಿನ್ ಸಂಪಾದಿಸಿದ ಒಳ್ಳೆ ಆವೃತ್ತಿ 2000ದಲ್ಲಿ ಬಂದಿದೆ. ಕವಿತೆಗಳಂತೂ ಹಕ್ಕುಸ್ವಾಮ್ಯ ದಾಟಿ ಎಷ್ಟೋ ಕಾಲವಾಯಿತು, ಹುಡುಕಿದರೆ ಸಿಗುತ್ತವೆ.

ಉಪ್ಪಿನಕಾಯಿ ಭರಣಿ:
ಎಲ್ಲರೂ ಊರೆಲ್ಲ ಸುತ್ತಿದಿರಿ, ಪಾಪ ಆ ಏಳು ಸಾಲು ಹಾಗೇ ಕೂತಿದೆ. ನನಗೆ ಒಂದು ಹೊಳೆಯಿತು. ನಮ್ಮ ಅಮ್ಮ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ಹೀಗೆ: ‘ಹಾಲು ಎರಡು ಸೇರು ತಂದದ್ದು’, ‘ಹಪ್ಪಳಕ್ಕೆ ಹಾಕಿದ್ದು’, ‘ಕಮಲಿಗೆ ಸೀರೆ ಕೊಟ್ಟದ್ದು’. ಎಲ್ಲೂ ‘ತಂದೆ’, ‘ಕೊಟ್ಟೆ’ ಅಂತ ಇಲ್ಲ. ಮೂಲದ ಡೈರಿಯಲ್ಲಿ ‘ನಾನು’ ಇದೆಯಾ ನೋಡಿ.

ಹಳೇಬೇರು:
ಅಯ್ಯೋ! ಇಲ್ಲ! ಒಂದು ಕಡೆಯೂ ಇಲ್ಲ. ಡೈರಿಯ ಟಿಪ್ಪಣಿಗಳಲ್ಲಿ ಆ ಸರ್ವನಾಮವನ್ನೇ ಬಿಟ್ಟಿದ್ದಾಳೆ. ಆಮೇಲೆ ‘ಇದನ್ನು ಬರೆದವಳು ನಾನಾ’ ಅನ್ನುವಾಗಲೇ ಮೊದಲ ಸಲ ‘ನಾನು’ ಬರೋದು. ನನ್ನ ಅನುವಾದದಲ್ಲಿ ‘ಓದಿದೆ, ಹೋದೆ, ಬಂದೆ’ ಅಂತ ಪ್ರತಿ ಕ್ರಿಯಾಪದದ ಬಾಲದಲ್ಲೂ ‘ನಾನು’ ಕೂತುಬಿಟ್ಟಿದೆ. ಅದೂ ಸಾಲದು ಅಂತ ಮೊದಲನೆಯದಕ್ಕೆ ನಾನೇ ಒಂದು ‘ನಾನು’ ಅಂಟಿಸಿದ್ದೇನೆ. ಅದಕ್ಕೇ ಆ ಪ್ರಶ್ನೆ ಬಂದಾಗ ಏನೂ ಅನಿಸುತ್ತಿರಲಿಲ್ಲ.

ತಿದ್ದಿದೆ:

ಪಾಪದ ಪುಟ್ಟ ಡೈರಿ, ಎಷ್ಟು ಸಾದಾ ಯೋಚನೆ,
ಎಷ್ಟು ಒಳ್ಳೆ ನಿಶ್ಚಯ. ‘ಫ್ರೆಂಚು, ಒಂದು ಗಂಟೆ ಓದಿದ್ದು’,
‘ಚರಿತ್ರೆ ಓದಿದ್ದು’, ‘ಬೂದು ಟೋಪಿ ಸರಿ ಮಾಡಿದ್ದು’,
‘ಕಾಲುಚೀಲಕ್ಕೆ ತೇಪೆ’, ‘ಲೇಸು’, ‘ಹೊಸ ಹಾಡು ಹೇಳಿ ನೋಡಿದ್ದು’,
‘ಚರ್ಚಿಗೆ ಹೋದದ್ದು’, ‘ಬೆಸ್‌ಗೆ ಸೂಪು ಕೊಟ್ಟದ್ದು’,
‘ಚಹಾಕ್ಕೆ ಹೋದದ್ದು’. ಪಾಪ, ಮುಗ್ಧ ಡೈರಿ!
ಇದನ್ನು ಬರೆದವಳು ನಾನೇನಾ? ಇಷ್ಟು ಒಳ್ಳೆಯ ಹುಡುಗಿ ನಾನೇನಾ?

ಎರಡನೇ ಹಾಲು:
ಈಗ ಬಂತು. ‘ನಾನೇನಾ’ ಅಂದಾಗ ಬೆಚ್ಚಿಬಿದ್ದ ಹಾಗಾಯಿತು.

ಮೊಂಡು ಪೆನ್ಸಿಲ್:
ಹಾಗಾದರೆ ಕೊನೆಯ ಸಾಲನ್ನೂ ನೋಡಿಬಿಡಿ. ಅಲ್ಲಿ ಯಾರೋ ಬಾಗಿಲಿಗೆ ಬರುತ್ತಾರೆ ಅಲ್ವಾ?

ಹಳೇಬೇರು:
ಬರುತ್ತಾರೆ. ಅಷ್ಟು ಹೊತ್ತು ನಾನು ನಾನು ಅಂತ ಮಾತಾಡಿದವಳು ಬಾಗಿಲ ಸದ್ದಿಗೆ ಥಟ್ಟನೆ ದನಿ ಬದಲಿಸುತ್ತಾಳೆ. ಓ, ನೀವಾ, ಬನ್ನಿ ಬನ್ನಿ ಅಂತ ಕರೆದು, ಒಬ್ಬಳೇ ಕೂತರೆ ಬೇಜಾರು ಅನ್ನುತ್ತಾಳೆ. ಅಲ್ಲಿ ಇಂಗ್ಲಿಷಿನಲ್ಲಿ ‘ನಾನು’ ಇಲ್ಲ, ‘ಒನ್’ ಇದೆ. ಯಾರೋ ಒಬ್ಬರು ಅನ್ನುವ ಹಾಗೆ. ಸರ್ವನಾಮಗಳ ಬಗ್ಗೆ ಲೇಖನ ಬರೆದವಳು ಸುಮ್ನೆ ಬದಲಿಸಿರುತ್ತಾಳಾ? ನಾನು ‘ಒಬ್ಬಳೇ ಕೂತು ಕೂತು ನನಗೆ ಬೇಜಾರಾಗಿತ್ತು’ ಅಂತ ಬರೆದಿದ್ದೆ. ಅಳಿಸಿದೆ.

ಈಗ ಹೀಗೆ ಇಟ್ಟಿದ್ದೇನೆ: ‘ಓ, ನೀವಾ? ಬನ್ನಿ, ಬನ್ನಿ. ಒಬ್ಬೊಬ್ಬರೇ ಇದ್ದರೆ ಎಷ್ಟು ಬೇಜಾರು ಅಲ್ವಾ.’

ಉಪ್ಪಿನಕಾಯಿ ಭರಣಿ:
‘ಅಲ್ವಾ’ ತೆಗೀಬೇಡಿ. ಶೀರ್ಷಿಕೆ?

ಹಳೇಬೇರು:
‘ದಡಕ್ಕೆ ಬಿದ್ದವಳು’. ಇನ್ನು ಆರುನೂರು ಸಾಲು ಬಾಕಿ ಇದೆ. ಭಾನುವಾರ ಕೂರುತ್ತೇನೆ.